ಪರಾತದಲ್ಲಿ ನಾಲ್ಕು ಬೆರಳು ನೀರು

ಶನಿವಾರ ಒಂಬತ್ತೂ ಇಪ್ಪತ್ತಕ್ಕೆ ಮೊದಲ ಪಾಠ.
ಫ್ರಿಜ್ಜಿನ ಮೇಲೆ ಕೌನ್ಸಿಲ್ಲಿನ ಕಾಗದ:
ಟೋಪಿ, ನೀರಿನ ಕನ್ನಡಕ, ಟವೆಲು,
ತಿಂದು ಒಂದು ತಾಸು ಆಗಿರಬೇಕು.
ತಲೆಗೆ ಎಣ್ಣೆ ಬೇಡ, ಟೋಪಿ ಜಾರುತ್ತದೆ—
ಇದನ್ನು ನಾನೇ ಸೇರಿಸಿದ್ದು, ಪೆನ್ಸಿಲ್ಲಿನಲ್ಲಿ.
ಬ್ಯಾಲರಾಟಿನ ಕೌನ್ಸಿಲ್ಲಿಗೆ ಏನು ಗೊತ್ತು
ನಮ್ಮ ಎಣ್ಣೆಯ ವಿಷಯ.

ಜೂನ್ ತಿಂಗಳು. ಹೊರಗೆ ಕಾರಿನ ಗಾಜಿಗೆ ಹಿಮದ ಉಪ್ಪು.
ಒಳಗೆ ಮೇಜಿನ ಮೇಲೆ ಹಿಟ್ಟು ನಾದುವ ಪರಾತ,
ಅದರಲ್ಲಿ ಉಗುರುಬೆಚ್ಚಗೆ ನಾಲ್ಕು ಬೆರಳು ನೀರು.
ಊದು, ಅನ್ನುತ್ತೇನೆ.
ಇಂಚರ ಊದುತ್ತಾಳೆ, ಸಾರು ಆರಿಸುವ ಹಾಗೆ, ಮೇಲಿಂದ.
"ಮೇಲಿಂದಲ್ಲ, ಒಳಗಿಂದ."
"ಒಳಗ ಅಂದ್ರ ನೀರಿನ ಒಳಗಿಂದೋ, ನನ್ನ ಒಳಗಿಂದೋ?"
ಐದು ವರ್ಷ ಅವಳಿಗೆ.
ಉತ್ತರ ಹುಡುಕುವಷ್ಟರಲ್ಲಿ ನೀರು ಆರಿತು.

ಸೋಮವಾರ ತುಟಿ. ಮಂಗಳವಾರ ಮೂಗು,
ಒಂದು ಸೀನು, ಸ್ವಲ್ಪ ಅಳು, ಅರ್ಧ ಬಿಸ್ಕತ್ತು.
ಬುಧವಾರ ಕನ್ನಡಕ ಹಾಕಿ ಪೂರಾ ಮುಖ ಇಟ್ಟಳು,
ಎದ್ದವಳೇ, ಗಲ್ಲದಿಂದ ನೀರು ಸುರಿಯುತ್ತಿರುವಾಗಲೇ,
"ತಳದಾಗ ಯಾರೋ ಏನೋ ಬರದಾರ! ಚುಕ್ಕಿ ಚುಕ್ಕಿ!"
ಬರೆದದ್ದು ಹೌದು.
ನನ್ನ ಮದುವೆಯಲ್ಲಿ ಸೋದರತ್ತೆ ಕೊಟ್ಟ ಪರಾತ,
ಪಾತ್ರೆಯಂಗಡಿಯವನು ಕುಟ್ಟಿದ ಹೆಸರು:
ನೀಲವ್ವ ಹೂಗಾರ, ಬಾಗೇವಾಡಿ.
ದಿನಾ ಅದರ ಮೇಲೆ ಹಿಟ್ಟು ತಿಕ್ಕುತ್ತೇನೆ,
ಓದಿ ಎಷ್ಟು ವರ್ಷವಾಯಿತೋ.

ಬಾಗೇವಾಡಿಯಲ್ಲಿ ಮೆಟ್ಟಿಲಿನ ಬಾವಿ ಇತ್ತು.
ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು
ಅಣ್ಣಂದಿರು ಧುಮುಕುತ್ತಿದ್ದರು, ಕೂಗುತ್ತ.
ಮೇಲಿನ ಮೆಟ್ಟಿಲ ಮೇಲೆ ನಾನು ಮತ್ತು ನೀಲತ್ತೆ,
ಐದು ಅಂಗಿ, ಐದು ಚಡ್ಡಿ, ಒಂದು ಗಡಿಯಾರ ಕಾಯುತ್ತ.
ಯಾರೂ ಬೇಡ ಅಂದಿರಲಿಲ್ಲ.
ಯಾರೂ ಬಾ ಅಂದಿರಲೂ ಇಲ್ಲ.
ಚಿಮ್ಮಿದ ಹನಿ ಸೆರಗಿಗೆ ಬಿದ್ದರೆ ಅತ್ತೆ ಅದನ್ನು ಒರೆಸದೆ
ಬಿಸಿಲಿಗೆ ತಾನಾಗಿ ಆರಲು ಬಿಡುತ್ತಿದ್ದಳು.

ಗುರುವಾರ ಫೋನಿನಲ್ಲಿ ಕಲಿಸುವಾಕೆ, ಬ್ರಾನ್ವಿನ್:
ಹೆದರಬೇಡ ಅಂತ ಮಾತ್ರ ಹೇಳಬೇಡಿ,
ಏನೇನು ಆಗುತ್ತದೆ ಅದನ್ನು ಹೇಳಿ.
ಹೇಳಿದೆ. ನೆಲ ಒದ್ದೆ ಇರುತ್ತದೆ, ಓಡುವ ಹಾಗಿಲ್ಲ.
ಬಚ್ಚಲು ತೊಳೆಯುವ ಪುಡಿಯ ವಾಸನೆ ಬರುತ್ತದೆ.
ಕೂಗಿದ್ದೆಲ್ಲ ಚಾವಣಿಗೆ ಬಡಿದು ಎರಡು ಸಲ ಕೇಳುತ್ತದೆ.
ನೀರು ಇಲ್ಲಿಯ ತನಕ—
ಬಾಲ್‌ಪೆನ್ನಿನಿಂದ ಅವಳ ಎದೆಯ ಮೇಲೊಂದು ಗೀಟು ಎಳೆದೆ,
ಕಚಗುಳಿಗೆ ಗೀಟು ಸೊಟ್ಟಗಾಯಿತು.

ಆಮೇಲೆ ಮಂಚದ ಮೇಲೆ ಅಂಗಾತ ತೇಲುವ ಅಭ್ಯಾಸ,
ಕೈಕಾಲು ಚಾಚಿದ ನಕ್ಷತ್ರ,
ಬೆನ್ನಿನ ಕೆಳಗೆ ನನ್ನ ಅಂಗೈ.
"ಕೈ ತಗೀಬ್ಯಾಡ."
"ಇಲ್ಲಿ ತೆಗೆಯಲ್ಲ. ಅಲ್ಲಿ ಬ್ರಾನ್ವಿನ್ ತೆಗೀತಾಳ,
ತೆಗೆಯೂ ಮೊದಲ ಹೇಳ್ತಾಳ."
"ನೀ ಎಲ್ಲಿರ್ತಿ?"
"ಗಾಜಿನ ಆಚೆ."
"ಏನ್ ಮಾಡ್ಕೋತ?"
"ನಿನ್ನ ಬಟ್ಟೆ ಹಿಡ್ಕೊಂಡು ಕೂತಿರ್ತೀನಿ."
ಅಂದ ಮೇಲೆ ನನಗೇ ಕೇಳಿಸಿತು, ಎರಡು ಸಲ.

ಶುಕ್ರವಾರ ರಾತ್ರಿ. ಕನ್ನಡಕ ಹಾಕಿಕೊಂಡೇ ನಿದ್ದೆ ಹೋಗಿದ್ದಾಳೆ.
ಮೆಲ್ಲಗೆ ತೆಗೆದೆ; ಕಣ್ಣ ಸುತ್ತ ಎರಡು ಕೆಂಪು ಬಳೆ.
ಚೀಲ ಬಾಗಿಲ ಬಳಿ, ಅದರ ಮೇಲೆ ಟೋಪಿ,
ಟೋಪಿಯೊಳಗೆ ಅವಳು ಬಚ್ಚಿಟ್ಟ ಬಿಸ್ಕತ್ತು.

ಪರಾತದ ನೀರು ಇನ್ನೂ ಚೆಲ್ಲಿರಲಿಲ್ಲ.
ತಣ್ಣಗೆ ಕೊರೆಯುತ್ತಿತ್ತು.
ಬಗ್ಗಿದೆ. ತುಟಿ, ಮೂಗು,
ಕಣ್ಣು ಬಿಟ್ಟೆ: ನೀಲವ್ವ ಹೂಗಾರ
ಕಲಸಿದ ಹಿಟ್ಟಿನಂತೆ ಕದಡಿಹೋಗಿದ್ದಳು.
ಒಂದು, ಎರಡು. ಮೂರಕ್ಕೆ ಎದ್ದೆ, ಕೆಮ್ಮುತ್ತ.

ಆಮೇಲೆ ನೀರು ಚೆಲ್ಲಿ ಪರಾತ ಒರೆಸಿಟ್ಟೆ,
ಬೆಳಗ್ಗೆ ಚಪಾತಿಗೆ ಬೇಕು,
ಎಂಟಕ್ಕೆ ಮುಂಚೆ, ತಿಂದು ಒಂದು ತಾಸು ಆಗಬೇಕಲ್ಲ.
ಮುಂಗೂದಲು ಮಾತ್ರ ಒರೆಸಲಿಲ್ಲ.